ಮೂಕಚಿತ್ರದಿಂದ ಕಾದಂಬರಿಗೆ: ಮ್ಯೂಸಿದೋರಾ, ನಂಜನಗೂಡಿನ ತಿರುಮಲಾಂಬಾ, ಶಿವರಾಮ ಕಾರಂತ

೧

೧೯೧೩ನೆಯ ಇಸವಿಯು ಎರಡು ಕಲೆಗಳ ಚರಿತ್ರೆಯಲ್ಲಿ ಸ್ಮರಣೀಯವಾದುದು. ಆ ವರ್ಷದ ಮೇ ತಿಂಗಳಿನಲ್ಲಿ ದಾದಾಸಾಹೇಬ ಫಾಳಕೆಯವರ ‘ರಾಜಾ ಹರಿಶ್ಚಂದ್ರ’ ಎಂಬ ಮೂಕಚಿತ್ರವು ಬೊಂಬಾಯಿಯಲ್ಲಿ ಪ್ರದರ್ಶಿತವಾಗಿ ಭಾರತೀಯ ಚಲಚ್ಚಿತ್ರಕ್ಕೆ ನಾಂದಿಯಾಯಿತು. ಅದೇ ವರ್ಷ ಫ್ರಾನ್ಸಿನಲ್ಲಿ ಲೂಯಿ ಫ್ಯೂಯಾದನು ಜನಪ್ರಿಯ ಕಾದಂಬರೀಮಾಲೆಯೊಂದನ್ನು ಆಧರಿಸಿ ‘ಫಾಂತೋಮಾ’ ಎಂಬ ಧಾರಾವಾಹಿ ಚಿತ್ರಗಳನ್ನು ತೆರೆಗೆ ತಂದನು. ಅದೇ ವರ್ಷ ಕಪಿಲಾತೀರದ ನಂಜನಗೂಡಿನಲ್ಲಿ ಇಪ್ಪತ್ತಾರು ವಯಸ್ಸಿನ ಬಾಲವಿಧವೆಯೊಬ್ಬರು ‘ಸತೀಹಿತೈಷಿಣೀ ಗ್ರಂಥಮಾಲೆ’ಯನ್ನು ಆರಂಭಿಸಿ ‘ಸುಶೀಲೆ’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅವರೇ ನಂಜನಗೂಡು ತಿರುಮಲಾಂಬಾ.

ಈ ಮೂರು ಸಂಗತಿಗಳಿಗೂ ಪರಸ್ಪರ ಸಂಬಂಧವೇನೂ ಇಲ್ಲ. ಬೊಂಬಾಯಿಯ ಚಿತ್ರವನ್ನಾಗಲಿ ಪ್ಯಾರಿಸಿನ ಚಿತ್ರವನ್ನಾಗಲಿ ನೋಡಿ ನಂಜನಗೂಡಿನ ಕಾದಂಬರಿಯು ಹುಟ್ಟಿದುದಲ್ಲ. ಆದರೂ ಇವನ್ನು ಒಂದೆಡೆಯಲ್ಲಿಟ್ಟು ನೋಡುವುದರಿಂದ ಪ್ರಯೋಜನವುಂಟು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಥನವು ಎರಡು ದಾರಿಗಳಲ್ಲಿ ಜನರೆಡೆಗೆ ನಡೆಯಿತು. ಒಂದು ಮಾತಿಲ್ಲದ ದೇಹದ ದಾರಿ. ಇನ್ನೊಂದು ದೇಹವಿಲ್ಲದ ಮಾತಿನ ದಾರಿ. ಮೊದಲನೆಯದು ಮೂಕಚಿತ್ರ, ಎರಡನೆಯದು ಕಾದಂಬರಿ. ಕೆಲವರು ಮಾತ್ರ ಎರಡರಲ್ಲಿಯೂ ನಡೆದರು. ಅವರು ಒಂದರಿಂದ ಇನ್ನೊಂದಕ್ಕೆ ಏನನ್ನು ಕೊಂಡೊಯ್ದರು, ಏನನ್ನು ಬಿಟ್ಟರು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಇದಕ್ಕೆ ಫ್ರಾನ್ಸಿನಿಂದ ಒಂದು ಉದಾಹರಣೆಯನ್ನೂ ಕನ್ನಡನಾಡಿನಿಂದ ಒಂದು ಉದಾಹರಣೆಯನ್ನೂ ತೆಗೆದುಕೊಂಡು, ಕೇವಲ ಮಾತಿನ ದಾರಿಯನ್ನೇ ಹಿಡಿದ ನಂಜನಗೂಡಿನ ಲೇಖಕಿಯನ್ನು ಇವೆರಡಕ್ಕೂ ಒರೆಗಲ್ಲಾಗಿ ಇರಿಸಿಕೊಳ್ಳಲಾಗಿದೆ.

೨

ಮೊದಲು ಲಕ್ಷಣವಿಚಾರ. ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವನೆಂಬುದು ಸರ್ವವಿದಿತ. ಈ ವಿಭಾಗವನ್ನು ಮೂಕಚಿತ್ರಕ್ಕೆ ಅನ್ವಯಿಸಿದರೆ, ಅಲ್ಲಿ ವಾಚಿಕವೊಂದು ಲುಪ್ತವಾಗಿ ಉಳಿದ ಮೂರು ಮಾತ್ರ ನಿಲ್ಲುವುವು. ದೃಶ್ಯಗಳ ನಡುವೆ ತೋರಿಸುತ್ತಿದ್ದ ಅಕ್ಷರಫಲಕಗಳೇ ವಾಚಿಕದ ಅವಶೇಷ. ಆ ಫಲಕವನ್ನು ಪ್ರೇಕ್ಷಕನು ಓದಿ ಮುಗಿಸುವಷ್ಟು ಹೊತ್ತು ಮಾತ್ರ ಇರಿಸಬೇಕಾದುದರಿಂದ ಅದರ ಮಾತು ಅತ್ಯಂತ ಮಿತವಾಗಿರಬೇಕಾಗುತ್ತಿತ್ತು. ಭರತಖಂಡದಲ್ಲಿ ಒಂದೇ ಫಲಕದ ಮೇಲೆ ಎರಡು ಮೂರು ಭಾಷೆಗಳನ್ನು ಬರೆಯುವ ವಾಡಿಕೆಯೂ ಇದ್ದಿತು; ಓದಲು ಬಾರದವರಿಗೆ ಪಕ್ಕದವರು ಓದಿ ಹೇಳುತ್ತಿದ್ದರು. ಹೀಗೆ ಭಾವದ ಭಾರವೆಲ್ಲವೂ ಕಣ್ಣು, ಕೈ, ನಡಿಗೆ, ಉಡುಪು ಇವುಗಳ ಮೇಲೆಯೇ ಬೀಳುತ್ತಿತ್ತು.

ಕಾದಂಬರಿಯ ಸ್ಥಿತಿಯು ಇದಕ್ಕೆ ತೀರ ವಿಪರೀತ. ಅಲ್ಲಿ ಕಣ್ಣಿಗೆ ಕಾಣುವ ಅಂಗವಿಲ್ಲ, ವೇಷವಿಲ್ಲ, ಸ್ವೇದರೋಮಾಂಚಗಳಿಲ್ಲ, ಇರುವುದು ಮಾತೊಂದೇ. ಆಂಗಿಕವೂ ಆಹಾರ್ಯವೂ ಸಾತ್ತ್ವಿಕವೂ ಮಾತಿನ ಮೂಲಕವೇ ಓದುಗನ ಮನಸ್ಸಿನಲ್ಲಿ ಮೂಡಬೇಕು. ಆದುದರಿಂದ ರಂಗಭೂಮಿಯ ನಟನು ಕಾದಂಬರಿಗೆ ಬರುವುದಕ್ಕೂ ಮೂಕಚಿತ್ರದ ನಟನು ಕಾದಂಬರಿಗೆ ಬರುವುದಕ್ಕೂ ವ್ಯತ್ಯಾಸವುಂಟು. ಮೊದಲನೆಯವನು ತನ್ನ ಸಂಭಾಷಣೆಯನ್ನು ಜೊತೆಯಲ್ಲಿ ತರಬಲ್ಲನು. ಎರಡನೆಯವನಾದರೋ ತನಗೆ ಕೈಬಂದಿದ್ದ ಮೂರು ಸಾಧನಗಳನ್ನು ಬಿಟ್ಟು, ಕೈಯಲ್ಲಿಲ್ಲದಿದ್ದ ನಾಲ್ಕನೆಯದೊಂದನ್ನೇ ನಂಬಿ ಬರಬೇಕು.

ಹಾಗಿದ್ದರೂ ಈ ದಾರಿಯಲ್ಲಿ ನಡೆದವರು ಬರಿಗೈಯಲ್ಲಿ ಬರಲಿಲ್ಲ. ಮಾತಿಲ್ಲದೆ ಅರ್ಥವನ್ನು ತೋರುವ ಅಭ್ಯಾಸವು ಒಂದು ಬಗೆಯ ದೃಷ್ಟಿಯನ್ನು ಬೆಳೆಸುವುದು. ಪಾತ್ರವು ಏನು ಹೇಳಿತೆಂಬುದಕ್ಕಿಂತ ಏನು ಮಾಡಿತೆಂಬುದನ್ನು ಮೊದಲು ಕಾಣುವುದು, ಅನೇಕ ವಿವರಗಳಲ್ಲಿ ಒಂದನ್ನೇ ಆರಿಸಿ ಅದರ ಮೇಲೆ ಬೆಳಕನ್ನು ಚೆಲ್ಲುವುದು, ಒಂದು ದೃಶ್ಯದಿಂದ ಇನ್ನೊಂದಕ್ಕೆ ವ್ಯಾಖ್ಯಾನವಿಲ್ಲದೆ ದಾಟುವುದು: ಇವೇ ಆ ದೃಷ್ಟಿಯ ಗುಣಗಳು. ಇವು ಕಾದಂಬರಿಯಲ್ಲಿ ಎಷ್ಟರಮಟ್ಟಿಗೆ ಸಾರ್ಥಕವಾಗುವುವೆಂಬುದನ್ನು ನಿದರ್ಶನಗಳಿಂದ ನೋಡಬೇಕು.

೩

ಫ್ರಾನ್ಸಿನ ಮೂಕಚಿತ್ರಗಳಲ್ಲಿ ನಟಿಸಿ ಅನಂತರ ಕಾದಂಬರಿಗಳನ್ನು ಬರೆದವರಲ್ಲಿ ಮ್ಯೂಸಿದೋರಾ ಪ್ರಸಿದ್ಧಳಾದವಳು. ಆಕೆಯ ನಿಜನಾಮ ಜಾನ್ ರೋಕ್. ೧೮೮೯ರ ಫೆಬ್ರವರಿ ೨೩ರಂದು ಪ್ಯಾರಿಸಿನಲ್ಲಿ ಜನನ. ತಂದೆಯು ಸಂಗೀತರಚಕ, ತಾಯಿಯು ಸಾಹಿತ್ಯಾಸಕ್ತೆ, ಸ್ತ್ರೀಯರ ಹಕ್ಕುಗಳ ಪರವಾಗಿ ದುಡಿದವಳು. ತೆಯೋಫಿಲ್ ಗೋತಿಯೇ ಎಂಬ ಫ್ರೆಂಚ್ ಕವಿಯ ‘ಫೊರ್ತ್ಯೂನಿಯೋ’ ಎಂಬ ಕಾದಂಬರಿಯ ನಾಯಿಕೆಯ ಹೆಸರನ್ನು ಈಕೆಯು ತನ್ನ ರಂಗನಾಮವಾಗಿ ತೆಗೆದುಕೊಂಡಳು. ಹೀಗೆ ಆಕೆಯ ಕಲಾಜೀವನವು ಕಾದಂಬರಿಯಿಂದಲೇ ಹೆಸರನ್ನು ಪಡೆದು, ತೆರೆಯ ಮೇಲೆ ಬೆಳಗಿ, ಕಡೆಗೆ ಕಾದಂಬರಿಗೇ ಹಿಂದಿರುಗಿತೆಂಬುದು ಗಮನಿಸತಕ್ಕ ಅಂಶ.

ಪ್ಯಾರಿಸಿನ ವಿನೋದರಂಗಗಳಲ್ಲಿ ನಟಿಸುತ್ತಿದ್ದ ಈಕೆಯನ್ನು ಫ್ಯೂಯಾದನು ತನ್ನ ಚಿತ್ರಗಳಿಗೆ ಕರೆತಂದನು. ೧೯೧೫-೧೬ರಲ್ಲಿ ಹತ್ತು ಭಾಗಗಳಾಗಿ ಹೊರಬಂದ ‘ಲೆ ವಾಂಪೀರ್’ ಎಂಬ ಚಿತ್ರಮಾಲೆಯಲ್ಲಿ ಕಳ್ಳರ ಗುಂಪಿಗೆ ಸೇರಿದ ಇರ್ಮಾ ವೆಪ್ ಎಂಬ ಪಾತ್ರವನ್ನು ಆಕೆಯು ವಹಿಸಿದಳು. ‘ವಾಂಪೀರ್’ ಎಂಬ ಶಬ್ದದ ಫ್ರೆಂಚ್ ಲಿಪಿಯ ಅಕ್ಷರಗಳನ್ನು ಸ್ಥಾನಪಲ್ಲಟಮಾಡಿದರೆ ಈ ಹೆಸರು ದೊರೆಯುವುದು. ಚಿತ್ರಕವಿತ್ವವನ್ನು ಬಲ್ಲ ಕನ್ನಡ ವಾಚಕರಿಗೆ ಇಂತಹ ಚಮತ್ಕಾರವು ಹೊಸದಲ್ಲ. ಮೈಗಂಟಿದ ಕರಿಯ ಉಡುಪನ್ನು ಧರಿಸಿ ಮನೆಗಳ ಮಾಡುಗಳ ಮೇಲೆ ಸಂಚರಿಸುವ ಆ ಆಕೃತಿಯು ಮಹಾಯುದ್ಧದ ಕಾಲದ ಪ್ಯಾರಿಸ್ ನಗರವನ್ನು ಬೆರಗುಗೊಳಿಸಿತು. ಅನಂತರ ‘ಜ್ಯೂದೆಕ್ಸ್’ ಎಂಬ ಧಾರಾವಾಹಿಯಲ್ಲಿಯೂ ಆಕೆಯು ಖಳನಾಯಿಕೆಯಾಗಿ ನಟಿಸಿದಳು.

ಆಕೆಯ ಸಾಹಿತ್ಯಜೀವನಕ್ಕೆ ಕಾರಣಭೂತರಲ್ಲಿ ಮುಖ್ಯಳಾದವಳು ಪ್ರಸಿದ್ಧ ಲೇಖಕಿ ಕೊಲೆತ್. ಕೊಲೆತ್‌ಳ ಜೀವನದಲ್ಲಿಯೂ ಇದೇ ಬಗೆಯ ಸಂಧಿಯೊಂದುಂಟು. ಅವಳು ಕೆಲವು ವರ್ಷ ವಿನೋದರಂಗಗಳಲ್ಲಿ ಮೂಕಾಭಿನಯವನ್ನು ಮಾಡಿ, ಆ ಅನುಭವವನ್ನೇ ವಸ್ತುವಾಗಿಸಿ ‘ಲ ವಾಗಾಬೋಂದ್’ ಎಂಬ ಕಾದಂಬರಿಯನ್ನು ೧೯೧೦ರಲ್ಲಿ ಪ್ರಕಟಿಸಿದಳು. ಅದು ಚಲಚ್ಚಿತ್ರವಾದಾಗ ನಾಯಿಕೆಯ ಪಾತ್ರವನ್ನು ವಹಿಸಿದವಳು ಮ್ಯೂಸಿದೋರಾ. ಮೂಕನಟಿಯು ಬರೆದ, ಮೂಕನಟಿಯೊಬ್ಬಳನ್ನು ಕುರಿತ ಕಾದಂಬರಿಯಲ್ಲಿ ಮತ್ತೊಬ್ಬ ಮೂಕನಟಿಯು ಅಭಿನಯಿಸಿದಳೆಂದಾಯಿತು. ಕಾದಂಬರಿಯೂ ಮೂಕಕಲೆಯೂ ಪರಸ್ಪರ ವಿರುದ್ಧವೆಂದು ಭಾವಿಸುವವರು ಈ ಸರಣಿಯನ್ನು ನೆನೆಯಬೇಕು.

ಮುಂದೆ ಮ್ಯೂಸಿದೋರಾ ತಾನೇ ಚಿತ್ರಗಳನ್ನು ನಿರ್ದೇಶಿಸತೊಡಗಿದಳು. ಪಿಯೇರ್ ಬೆನ್ವಾ ಎಂಬವನ ಕಾದಂಬರಿಯನ್ನು ಆಧರಿಸಿದ ಚಿತ್ರವು ೧೯೨೧ರಲ್ಲಿ ಹೊರಬಂದಿತು. ಸ್ಪೇಯಿನ್ ದೇಶದ ಜೀವನವನ್ನು ಕುರಿತ ಇನ್ನೆರಡು ಚಿತ್ರಗಳು ಅದನ್ನು ಹಿಂಬಾಲಿಸಿದುವು. ೧೯೨೭ರಲ್ಲಿ ವಿವಾಹವಾದ ಮೇಲೆ ಆಕೆಯು ಲೇಖನಿಯನ್ನು ಹಿಡಿದು ‘ಅರಾಬೆಲ್ಲ ಎ ಆರ್ಲಕ್ಯಾಂ’ ಎಂಬ ಕಾದಂಬರಿಯನ್ನು ೧೯೨೮ರಲ್ಲಿಯೂ ‘ಪಾರೋಕ್ಸಿಸ್ಮ್’ ಎಂಬುದನ್ನು ೧೯೩೪ರಲ್ಲಿಯೂ ಪ್ರಕಟಿಸಿದಳು. ಕೊನೆಯ ವರ್ಷಗಳಲ್ಲಿ ಪ್ಯಾರಿಸಿನ ಚಲಚ್ಚಿತ್ರಭಂಡಾರವಾದ ‘ಸಿನೆಮಾತೆಕ್’ ಸಂಸ್ಥೆಯಲ್ಲಿ ಕೆಲಸಮಾಡುತ್ತ ಮೂಕಚಿತ್ರಕಾಲದವರ ನೆನಪುಗಳನ್ನು ಸಂಗ್ರಹಿಸಿದಳು. ೧೯೫೭ರ ಡಿಸೆಂಬರಿನಲ್ಲಿ ಆಕೆಯು ತೀರಿಕೊಂಡಳು.

ಈ ಜೀವನದಿಂದ ತಿಳಿಯಬೇಕಾದ ತತ್ತ್ವವೇನು? ಕಾದಂಬರೀಕರ್ತ್ರಿಯಾಗಿ ಆಕೆಗೆ ದೊರೆತ ಕೀರ್ತಿಯು ನಟಿಯಾಗಿ ದೊರೆತುದಕ್ಕಿಂತ ಬಹಳ ಕಡಮೆ. ಇಂದಿಗೂ ಲೋಕವು ನೆನೆಯುವುದು ಇರ್ಮಾ ವೆಪ್ಪಳನ್ನೇ ಹೊರತು ಅರಾಬೆಲ್ಲಳನ್ನಲ್ಲ. ತೆರೆಯು ಕೊಟ್ಟ ಮುಖವು ಲೇಖನಿಯು ಕೊಟ್ಟ ಮಾತನ್ನು ಮರೆಮಾಡಿತು. ಪುಸ್ತಕವನ್ನು ಓದುವವರು ಹೊಸ ಪಾತ್ರಗಳನ್ನು ಕಾಣುವುದಕ್ಕೆ ಮೊದಲು ಹಳೆಯ ನಟಿಯನ್ನೇ ಕಂಡರೆ, ಮಾತಿನ ದಾರಿಯು ಎಷ್ಟು ಕಷ್ಟವಾಗುವುದೆಂಬುದನ್ನು ಊಹಿಸಬಹುದು.

೪

ಇದಕ್ಕೆ ಪ್ರತಿಯಾಗಿ ನಂಜನಗೂಡಿನ ಉದಾಹರಣೆಯನ್ನು ನೋಡಬೇಕು. ತಿರುಮಲಾಂಬಾ ಅವರು ಹುಟ್ಟಿದುದು ೧೮೮೭ರ ಮಾರ್ಚಿ ೨೫ರಂದು. ಮ್ಯೂಸಿದೋರಾಳಿಗಿಂತ ಎರಡು ವರ್ಷಗಳಷ್ಟು ಮಾತ್ರ ಹಿರಿಯರು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ಆ ಕಾಲದ ಪದ್ಧತಿಯಂತೆ ಹತ್ತರ ಪ್ರಾಯದಲ್ಲಿ ವಿವಾಹ, ಹದಿನಾಲ್ಕರಲ್ಲಿ ವೈಧವ್ಯ. ಬಳಿಕ ತವರಿನಲ್ಲಿದ್ದುಕೊಂಡು ತಂದೆಯ ಪ್ರೋತ್ಸಾಹದಿಂದ ಓದು ಬರಹಗಳನ್ನು ಬೆಳೆಸಿಕೊಂಡು, ಕಾದಂಬರಿ, ನಾಟಕ, ಕಥೆಗಳನ್ನು ರಚಿಸಿದರು. ‘ಸುಶೀಲೆ’ಯ ಬಳಿಕ ‘ನಭಾ’, ‘ವಿದ್ಯುಲ್ಲತಾ’, ‘ವಿರಾಗಿಣಿ’ ಮೊದಲಾದುವು ಹೊರಬಂದುವು. ೧೯೧೭ರ ಸುಮಾರಿಗೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನೂ ಮುಂದೆ ‘ಸನ್ಮಾರ್ಗದರ್ಶಿ’ಯನ್ನೂ ನಡೆಸಿದರು. ಕನ್ನಡದಲ್ಲಿ ಸ್ತ್ರೀಯೊಬ್ಬರು ಲೇಖಕಿಯೂ ಪ್ರಕಾಶಕಿಯೂ ಸಂಪಾದಕಿಯೂ ಆಗಿ ನಿಂತುದಕ್ಕೆ ಇದು ಆದಿಯ ನಿದರ್ಶನ.

ಈ ಇಬ್ಬರ ಸ್ಥಿತಿಯನ್ನು ಹೋಲಿಸಿದರೆ ಎರಡು ದಾರಿಗಳ ಸ್ವರೂಪವು ಸ್ಪಷ್ಟವಾಗುವುದು. ಪ್ಯಾರಿಸಿನ ನಟಿಯು ಲೋಕಕ್ಕೆ ಪರಿಚಿತಳಾದುದು ರೂಪದಿಂದ; ಅವಳ ಧ್ವನಿಯನ್ನು ಚಿತ್ರಮಂದಿರದಲ್ಲಿ ಕುಳಿತವರು ಯಾರೂ ಕೇಳಲಿಲ್ಲ. ನಂಜನಗೂಡಿನ ಲೇಖಕಿಯು ಪರಿಚಿತರಾದುದು ಮಾತಿನಿಂದ. ಅವರ ಗ್ರಂಥಗಳನ್ನು ಓದಿದ ಹೆಣ್ಣುಮಕ್ಕಳಲ್ಲಿ ಬಹುಮಂದಿಗೆ ಅವರ ಮುಖದರ್ಶನವು ಲಭಿಸಿರಲಾರದು. ವಿಧವೆಯಾದ ಸ್ತ್ರೀಯು ಮಂಗಳಕಾರ್ಯಗಳಲ್ಲಿ ಎದುರಿಗೆ ನಿಲ್ಲಬಾರದೆಂದು ವಿಧಿಸಿದ್ದ ಸಮಾಜದಲ್ಲಿ, ದೇಹವನ್ನು ಹಿಂದಿಟ್ಟು ಹೆಸರನ್ನು ಮಾತ್ರ ಮುಂದಕ್ಕೆ ಕಳುಹಿಸುವ ಅವಕಾಶವನ್ನು ಅಚ್ಚಿನ ಪುಸ್ತಕವು ಕೊಟ್ಟಿತು. ಅದೇ ೧೯೧೩ರಲ್ಲಿ ಫಾಳಕೆಯವರಿಗೆ ತಾರಾಮತಿಯ ಪಾತ್ರಕ್ಕೆ ಸ್ತ್ರೀಯು ದೊರೆಯದೆ ಸಾಳುಂಕೆ ಎಂಬ ಪುರುಷನಿಂದ ಅದನ್ನು ಮಾಡಿಸಬೇಕಾಯಿತು. ತೆರೆಯ ಮೇಲೆ ಸ್ತ್ರೀಯ ರೂಪವು ಬರುವುದೇ ದುರ್ಲಭವಾಗಿದ್ದ ವರ್ಷದಲ್ಲಿ ಪುಟದ ಮೇಲೆ ಸ್ತ್ರೀಯ ಮಾತು ಬಂದಿತು. ಭಾರತದಲ್ಲಿ ಕಾದಂಬರಿಗೂ ಮೂಕಚಿತ್ರಕ್ಕೂ ಇದ್ದ ಸಾಮಾಜಿಕ ಅಂತರವನ್ನು ಇದಕ್ಕಿಂತ ಸ್ಫುಟವಾಗಿ ತೋರಿಸುವ ಸಂಗತಿಯು ದೊರೆಯುವುದು ಕಷ್ಟ.

ಮಾತಿನ ದಾರಿಯೊಂದನ್ನೇ ಹಿಡಿದುದರ ಫಲವು ಕೃತಿಯ ರೂಪದ ಮೇಲೂ ಬಿದ್ದಿದೆ. ‘ಸುಶೀಲೆ’ಯು ಆದರ್ಶ ಗೃಹಿಣಿಯ ಚಿತ್ರ. ಪಾತ್ರಗಳು ತಮ್ಮ ಮನಸ್ಸನ್ನು ತಾವೇ ವಿಸ್ತಾರವಾಗಿ ಹೇಳಿಕೊಳ್ಳುವುದು, ಧರ್ಮಾಧರ್ಮಗಳ ಚರ್ಚೆಯು ಕಥೆಯ ನಡುವೆ ಬರುವುದು, ಆ ಕಾಲದ ಕನ್ನಡ ಕಾದಂಬರಿಗಳ ಸಾಮಾನ್ಯ ರೀತಿ. ಇದನ್ನು ದೋಷವೆಂದು ಒಮ್ಮೆಗೇ ತಳ್ಳಿಹಾಕುವುದು ಯುಕ್ತವಲ್ಲ. ಮಾತನಾಡಲು ಅವಕಾಶವಿಲ್ಲದವರಿಗೆ ಮಾತೇ ಮೊದಲ ಕ್ರಿಯೆ. ಬಾಯಿ ತೆರೆದುದೇ ದೊಡ್ಡ ಸಾಹಸವಾಗಿದ್ದ ಕಾಲದಲ್ಲಿ ಮಿತಭಾಷಣವನ್ನು ಗುಣವೆಂದು ಬಯಸುವುದು ಕಾಲಜ್ಞಾನವಿಲ್ಲದ ವಿಮರ್ಶೆಯಾದೀತು.

ತಿರುಮಲಾಂಬಾ ಅವರು ಮುಂದೆ ಬರೆವಣಿಗೆಯಿಂದ ಹಿಂದೆ ಸರಿದರು. ಬಹುಕಾಲ ಸಾಹಿತ್ಯಲೋಕವು ಅವರನ್ನು ಮರೆತಿದ್ದಿತು. ಚಿ. ನ. ಮಂಗಳಾ, ವಿಜಯಾ ದಬ್ಬೆ ಮೊದಲಾದ ವಿದುಷಿಯರ ಪರಿಶ್ರಮದಿಂದ ಅವರ ಕೃತಿಗಳು ಮತ್ತೆ ವಿಮರ್ಶೆಯ ಬೆಳಕಿಗೆ ಬಂದುವು. ೧೯೮೨ರಲ್ಲಿ ಅವರು ದಿವಂಗತರಾದರು. ಮರೆಯುವಿಕೆಯು ರೂಪದ ಕಲೆಗೆ ಮಾತ್ರವಲ್ಲದೆ ಮಾತಿನ ಕಲೆಗೂ ಸಮಾನವಾಗಿ ಬರುವುದೆಂಬುದನ್ನು ಇದರಿಂದ ತಿಳಿಯಬೇಕು. ಆದರೆ ಅಚ್ಚಾದ ಪುಸ್ತಕದ ಪ್ರತಿಯೊಂದು ಎಲ್ಲಿಯಾದರೂ ಉಳಿದಿದ್ದರೆ ಸಾಕು, ಮರೆತವರು ಮತ್ತೆ ಓದಬಹುದು. ಮೂಕಚಿತ್ರಕ್ಕೆ ಆ ಭಾಗ್ಯವು ಅಪೂರ್ವ.

೫

ಕನ್ನಡನಾಡಿನಲ್ಲಿ ಮೂಕಚಿತ್ರಗಳು ತಯಾರಾದ ಕಾಲವು ಅಲ್ಪ. ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿ ಮೋಹನ ಭಾವನಾನಿಯವರು ತೆಗೆದ ‘ವಸಂತಸೇನಾ’ ಚಿತ್ರದಲ್ಲಿ ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ ಇವರೊಡನೆ ನಾಟಕಕಾರ ಟಿ. ಪಿ. ಕೈಲಾಸಂ ಅವರೂ ನಟಿಸಿದರು. ಕನ್ನಡ ರಂಗಭೂಮಿಗೆ ಬೆಂಗಳೂರು ಮೈಸೂರುಗಳ ಆಡುಮಾತಿನ ಸೊಗಸನ್ನು ತಂದವರು ಮಾತಿಲ್ಲದ ಚಿತ್ರದಲ್ಲಿ ಕಾಣಿಸಿಕೊಂಡುದು ಒಂದು ವಿಧಿವಿಲಾಸ. ಗುಬ್ಬಿ ವೀರಣ್ಣನವರೂ ಬಿ. ಜಯಮ್ಮನವರೂ ೧೯೩೧ರಲ್ಲಿ ರಾಫಯೆಲ್ ಅಲ್ಗೊಯೆತ್ ಎಂಬ ಬೆಲ್ಜಿಯಂ ದೇಶದವನ ನಿರ್ದೇಶನದಲ್ಲಿ ‘ಹಿಸ್ ಲವ್ ಅಫೇರ್’ ಎಂಬ ಮೂಕಚಿತ್ರದಲ್ಲಿ ನಟಿಸಿದರು. ಮರುವರ್ಷ ‘ಹರಿಮಾಯಾ’ ಬಂದಿತು. ಅಷ್ಟರಲ್ಲಿಯೇ ೧೯೩೧ರ ಮಾರ್ಚಿಯಲ್ಲಿ ‘ಆಲಂ ಆರಾ’ ಬೊಂಬಾಯಿಯಲ್ಲಿ ಮಾತನಾಡಿದ್ದಿತು. ೧೯೩೪ರ ಮಾರ್ಚಿಯಲ್ಲಿ ‘ಸತೀ ಸುಲೋಚನಾ’ದೊಡನೆ ಕನ್ನಡ ವಾಕ್ಚಿತ್ರವು ಬೆಂಗಳೂರಿನಲ್ಲಿ ಆರಂಭವಾಯಿತು.

ಈ ಅಲ್ಪಕಾಲದಲ್ಲಿಯೇ ಚಲಚ್ಚಿತ್ರದ ಕೆಲಸಕ್ಕೆ ಕೈಹಾಕಿ, ಮುಂದೆ ಕನ್ನಡದ ಮಹಾಕಾದಂಬರೀಕಾರರಲ್ಲಿ ಒಬ್ಬರಾದವರು ಕೋಟ ಶಿವರಾಮ ಕಾರಂತರು. ೧೯೦೨ರ ಅಕ್ಟೋಬರ್ ೧೦ರಂದು ದಕ್ಷಿಣ ಕನ್ನಡದ ಕೋಟದಲ್ಲಿ ಜನಿಸಿದ ಅವರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನು ಬಿಟ್ಟರು. ‘ವಸಂತ’ ಪತ್ರಿಕೆಯನ್ನು ನಡೆಸಿದರು. ನಾಟಕ, ನೃತ್ಯ, ಗೀತನಾಟಕ, ಛಾಯಾಚಿತ್ರಗಳಲ್ಲಿ ಪ್ರಯೋಗಗಳನ್ನು ಮಾಡಿದರು. ೧೯೩೦ರ ಸುಮಾರಿನಲ್ಲಿ ‘ಡೊಮಿಂಗೊ’ ಎಂಬ ಮೂಕಚಿತ್ರವನ್ನೂ ೧೯೩೧ರಲ್ಲಿ ‘ಭೂತರಾಜ್ಯ’ವೆಂಬುದನ್ನೂ ತಯಾರಿಸಿದರು. ಇವುಗಳಲ್ಲಿ ಮೊದಲನೆಯದಕ್ಕೆ ಅಸ್ಪೃಶ್ಯತೆಯೇ ವಸ್ತು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು ಕಾಲಾನುಕ್ರಮವನ್ನು ಕುರಿತುದು. ಕಾರಂತರು ಚಿತ್ರವನ್ನು ಬಿಟ್ಟು ಕಾದಂಬರಿಗೆ ಬಂದರೆಂದು ಸರಳವಾಗಿ ಹೇಳಲಾಗದು. ‘ದೇವದೂತರು’ ಎಂಬ ಕಾದಂಬರಿಯು ೧೯೨೮ರಷ್ಟು ಹಿಂದೆಯೇ ಪ್ರಕಟವಾಗಿದ್ದಿತು. ಅವರಲ್ಲಿ ಈ ಎರಡು ದಾರಿಗಳೂ ಒಟ್ಟಿಗೆ ಸಾಗಿ, ಒಂದು ನಿಂತುಹೋದ ಮೇಲೆ ಇನ್ನೊಂದು ಹೆಚ್ಚು ಬಲವಾಗಿ ಹರಿಯಿತೆನ್ನುವುದು ಸಾಧು. ಎರಡನೆಯದು ಪ್ರಭಾವವನ್ನು ಕುರಿತುದು. ಕಾರಂತರಲ್ಲಿ ಕಾಣುವ ದೃಶ್ಯಪ್ರಜ್ಞೆಗೆಲ್ಲ ಮೂಕಚಿತ್ರವೇ ಮೂಲವೆಂದು ಸಾಧಿಸಹೊರಟರೆ ಅದು ಅತಿವ್ಯಾಪ್ತಿಯಾದೀತು. ಕರಾವಳಿಯ ಯಕ್ಷಗಾನವು ಅವರ ಜೀವಮಾನದ ವ್ಯಾಸಂಗ. ‘ಯಕ್ಷಗಾನ ಬಯಲಾಟ’ಕ್ಕೆ ಸಾಹಿತ್ಯ ಅಕಾಡೆಮಿಯ ಪುರಸ್ಕಾರವು ೧೯೫೯ರಲ್ಲಿ ಲಭಿಸಿತು. ಯಕ್ಷಗಾನದಲ್ಲಿ ಆಂಗಿಕ ಆಹಾರ್ಯಗಳೊಡನೆ ವಾಚಿಕವೂ ಸಮೃದ್ಧವಾಗಿರುವುದು.

ಒಂದು ದಾರಿಯು ನಿಂತುದಕ್ಕೆ ಕಾರಣವೇನೆಂಬುದನ್ನು ಆ ಕಾಲದ ಸನ್ನಿವೇಶದಿಂದ ಊಹಿಸಬಹುದು. ಮೂಕಚಿತ್ರವನ್ನು ಒಂದು ಕ್ಯಾಮರಾ, ಸೂರ್ಯನ ಬೆಳಕು, ಕೆಲವು ಮಂದಿ ಸ್ನೇಹಿತರು ಇವುಗಳ ಬಲದಿಂದ ಒಬ್ಬ ಉತ್ಸಾಹಿಯು ತೆಗೆಯಬಹುದಾಗಿದ್ದಿತು. ವಾಕ್ಚಿತ್ರಕ್ಕಾದರೋ ಧ್ವನಿಮುದ್ರಣದ ಯಂತ್ರಗಳೂ ಅವುಗಳನ್ನು ನಡೆಸುವ ತಜ್ಞರೂ ಸದ್ದು ನುಗ್ಗದ ಸ್ಟುಡಿಯೋವೂ ಬೇಕು. ‘ಸತೀ ಸುಲೋಚನಾ’ವನ್ನೇ ಕೊಲ್ಲಾಪುರಕ್ಕೆ ಹೋಗಿ ತೆಗೆಯಬೇಕಾಯಿತು. ಚಿತ್ರಕ್ಕೆ ಮಾತು ಬಂದೊಡನೆ ಬಡ ಕಲಾವಿದನ ಕೈಯಿಂದ ಚಿತ್ರವು ಜಾರಿತು. ಕಾಗದವೂ ಲೇಖನಿಯೂ ಮಾತ್ರ ಕೈಯಲ್ಲಿ ಉಳಿದುವು.

೬

‘ಚೋಮನ ದುಡಿ’ಯು ಪ್ರಕಟವಾದುದು ೧೯೩೩ರಲ್ಲಿ. ‘ಡೊಮಿಂಗೊ’ ಚಿತ್ರಕ್ಕೂ ಇದಕ್ಕೂ ನಡುವೆ ಮೂರು ವರ್ಷಗಳಷ್ಟೇ ಅಂತರ. ಎರಡಕ್ಕೂ ಅಸ್ಪೃಶ್ಯತೆಯೇ ವಸ್ತುವೆಂಬುದು ಗಮನಾರ್ಹ. ಚಿತ್ರದ ಹೆಸರು ಕ್ರೈಸ್ತನಾಮವಾಗಿರುವುದನ್ನೂ, ಕಾದಂಬರಿಯಲ್ಲಿ ಮತಾಂತರದ ಪ್ರಶ್ನೆಯು ಕಥೆಯ ಸಂಕಟಗಳಲ್ಲೊಂದಾಗಿರುವುದನ್ನೂ ಜೊತೆಯಲ್ಲಿ ನೋಡಬಹುದು. ಇದಕ್ಕಿಂತ ಹೆಚ್ಚಾಗಿ ಹೇಳಲು ಚಿತ್ರವೇ ಇಂದು ನೋಡಲು ದೊರೆಯುವುದಿಲ್ಲ.

ಚೋಮನು ಅಸ್ಪೃಶ್ಯನೆನಿಸಿಕೊಂಡ ಜೀತದಾಳು. ತನ್ನದೇ ಆದ ತುಂಡು ನೆಲವನ್ನು ತಾನೇ ಉಳಬೇಕೆಂಬುದೊಂದೇ ಅವನ ಬಯಕೆ. ಮನೆಯಲ್ಲಿ ಜೋಡಿ ಎತ್ತುಗಳಿವೆ, ಭೂಮಿಯಿಲ್ಲ. ಒಡೆಯನಾದ ಸಂಕಪ್ಪಯ್ಯನು ಮನಸ್ಸುಮಾಡಿದರೂ ಅವನ ತಾಯಿಯು ಆಚಾರದ ಮಾತನ್ನೆತ್ತಿ ಅದನ್ನು ತಡೆಯುವಳು. ಸಾಲವನ್ನು ತೀರಿಸಲು ಕಾಫಿಯ ತೋಟಕ್ಕೆ ಹೋದ ಮಕ್ಕಳಲ್ಲಿ ಒಬ್ಬನು ಮತಾಂತರಗೊಂಡು ಅಲ್ಲಿಯೇ ನಿಲ್ಲುವನು. ಇನ್ನೊಬ್ಬನು ಜ್ವರಕ್ಕೆ ತುತ್ತಾಗುವನು. ಎಳೆಯ ಮಗನೊಬ್ಬನು ನೀರಿನಲ್ಲಿ ಮುಳುಗುತ್ತಿರುವಾಗ ಮುಟ್ಟುವುದಕ್ಕೆ ಹಿಂಜರಿದವರು ದಡದಲ್ಲಿ ನಿಂತು ನೋಡುವರು. ಇಷ್ಟು ದುಃಖವನ್ನು ಹೊತ್ತ ಚೋಮನು ಬಾಯಿಬಿಟ್ಟು ಆಡುವ ಮಾತು ಎಷ್ಟು? ಅತ್ಯಲ್ಪ. ಅವನು ದುಡಿಯನ್ನು ಬಾರಿಸುವನು. ಸಂತೋಷಕ್ಕೂ ಅದೇ, ಕೋಪಕ್ಕೂ ಅದೇ, ಶೋಕಕ್ಕೂ ಅದೇ. ಕಟ್ಟಕಡೆಗೆ ಬಾಗಿಲನ್ನು ಮುಚ್ಚಿಕೊಂಡು ದುಡಿಯನ್ನು ಬಾರಿಸುತ್ತಲೇ ಪ್ರಾಣಬಿಡುವನು.

ಮೂಕಚಿತ್ರದ ಅಭ್ಯಾಸವು ಕಾದಂಬರಿಗೆ ಕೊಟ್ಟುದೇನೆಂಬ ಪ್ರಶ್ನೆಗೆ ಉತ್ತರವನ್ನು ಇಲ್ಲಿ ಹುಡುಕುವುದು ಯುಕ್ತ. ‘ಸುಶೀಲೆ’ಯ ಕಾಲದ ರೀತಿಯನ್ನು ಅನುಸರಿಸಿದ್ದರೆ ಚೋಮನು ತನ್ನ ಅಳಲನ್ನು ಪುಟಗಟ್ಟಲೆ ನುಡಿಯಬೇಕಾಗಿದ್ದಿತು, ಲೇಖಕನೂ ಅವನ ಪಕ್ಷವಾಗಿ ವಾದಿಸಬೇಕಾಗಿದ್ದಿತು. ಕಾರಂತರು ಇವೆರಡನ್ನೂ ಬಹುಮಟ್ಟಿಗೆ ಬಿಟ್ಟು, ನಾಯಕನಿಗೆ ಮಾತಿನ ಬದಲು ಒಂದು ಕ್ರಿಯೆಯನ್ನು ಕೊಟ್ಟರು. ಸಮಾಜವು ಯಾರ ಮಾತನ್ನು ಕೇಳುವುದಿಲ್ಲವೋ ಅವನ ಬಾಯಲ್ಲಿ ವಾಗ್ಮಿತೆಯನ್ನು ತುಂಬಿದರೆ ಚಿತ್ರವು ಸುಳ್ಳಾಗುವುದು. ಅವನ ಮೂಕತೆಯನ್ನೇ ಅಭಿವ್ಯಕ್ತಿಯನ್ನಾಗಿಸಿದರೆ ನಿಜವಾಗುವುದು. ಈ ವಿವೇಕವು ವಾಚಿಕವಿಲ್ಲದೆ ಅರ್ಥವನ್ನು ಸಾಧಿಸಲು ಹೆಣಗಿದವನಿಗೆ ಸಹಜವಾಗಿ ಬರಬಹುದಾದುದು.

ಆದರೆ ಇದರ ಇನ್ನೊಂದು ಮುಖವೂ ಅಷ್ಟೇ ಮುಖ್ಯ. ಇದೇ ಕಥೆಯನ್ನು ಮೂಕಚಿತ್ರವಾಗಿ ತೆಗೆದಿದ್ದರೆ ದುಡಿಯು ಕಾಣುತ್ತಿದ್ದಿತು, ಕೇಳುತ್ತಿರಲಿಲ್ಲ. ಬಡಿಯುವ ಕೈಗಳು ತೆರೆಯ ಮೇಲೆ ಆಡುತ್ತಿದ್ದುವು, ನಾದವು ಹುಟ್ಟುತ್ತಿರಲಿಲ್ಲ. ಕಾದಂಬರಿಯ ಪುಟವೂ ನಿಶ್ಶಬ್ದವೇ ಸರಿ. ಆದರೆ ಓದುಗನ ಒಳಗಿವಿಯಲ್ಲಿ ನಾದವನ್ನು ಎಬ್ಬಿಸುವ ಶಕ್ತಿಯು ಮಾತಿಗುಂಟು. ಒಂದು ಮೂಕಕಲೆಯಲ್ಲಿ ಆಗದುದ್ದು ಇನ್ನೊಂದು ಮೂಕಕಲೆಯಲ್ಲಿ ಸಾಧ್ಯವಾಯಿತು. ಆದುದರಿಂದ ಕಾರಂತರ ಕಾದಂಬರಿಯು ಚಿತ್ರದ ಅನುಕರಣವಲ್ಲ. ಚಿತ್ರದ ಮಿತಿಯನ್ನು ಕಂಡವನು ಅದರಾಚೆಗೆ ಇಟ್ಟ ಹೆಜ್ಜೆ.

ಇದಕ್ಕೆ ಕಾಲವೇ ಒಂದು ವ್ಯಾಖ್ಯಾನವನ್ನು ಒದಗಿಸಿತು. ೧೯೭೫ರಲ್ಲಿ ಬಿ. ವಿ. ಕಾರಂತರು ‘ಚೋಮನ ದುಡಿ’ಯನ್ನು ವಾಕ್ಚಿತ್ರವಾಗಿ ನಿರ್ದೇಶಿಸಿದರು. ವಾಸುದೇವರಾಯರು ಚೋಮನಾಗಿ ನಟಿಸಿ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಚಿತ್ರಕ್ಕೆ ಸ್ವರ್ಣಕಮಲವು ಲಭಿಸಿತು. ನಲವತ್ತೆರಡು ವರ್ಷಗಳ ಬಳಿಕ ದುಡಿಯು ತೆರೆಯ ಮೇಲೆ ಕಿವಿಗೂ ಕೇಳಿಸಿತು. ಶಿವರಾಮ ಕಾರಂತರು ತಾವೇ ಮತ್ತೆ ಕ್ಯಾಮರಾದ ಹಿಂದೆ ನಿಂತು, ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂಬ ಹೆಸರಿನಿಂದ ೧೯೭೮ರಲ್ಲಿ ತೆರೆಗೆ ತಂದರು. ಅದಕ್ಕೆ ಹಿಂದಿನ ವರ್ಷವೇ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗಾಗಿ ಜ್ಞಾನಪೀಠ ಪ್ರಶಸ್ತಿಯು ಬಂದಿದ್ದಿತು. ಜಗತ್ತು ತಮ್ಮನ್ನು ಕಾದಂಬರೀಕಾರರೆಂದು ಒಪ್ಪಿದ ಮೇಲೂ ಎಪ್ಪತ್ತೈದರ ವಯಸ್ಸಿನಲ್ಲಿ ಚಿತ್ರಕ್ಕೆ ಹಿಂದಿರುಗಿದವರ ಮನಸ್ಸಿನಲ್ಲಿ ಆ ಹಳೆಯ ಪ್ರಯೋಗವು ಕೇವಲ ಯೌವನದ ಹುಚ್ಚಾಗಿ ಉಳಿದಿರಲಿಲ್ಲವೆಂದು ತಿಳಿಯುವುದು ನ್ಯಾಯ. ೧೯೯೭ರ ಡಿಸೆಂಬರಿನಲ್ಲಿ ಅವರು ನಿಧನಹೊಂದಿದರು.

೭

ಮೇಲ್ಕಂಡ ಮೂರು ನಿದರ್ಶನಗಳಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮ್ಯೂಸಿದೋರಾಳಲ್ಲಿ ರೂಪದ ಕೀರ್ತಿಯು ಮಾತನ್ನು ಮುಚ್ಚಿತು. ತಿರುಮಲಾಂಬಾ ಅವರಲ್ಲಿ ರೂಪಕ್ಕೆ ಅವಕಾಶವೇ ಇಲ್ಲದುದರಿಂದ ಮಾತು ಸರ್ವಸ್ವವಾಯಿತು. ಕಾರಂತರಲ್ಲಿ ಮಾತಿಲ್ಲದ ಕಲೆಯ ಶಿಕ್ಷಣವು ಮಾತಿನ ಕಲೆಗೆ ಸಂಯಮವನ್ನು ಕೊಟ್ಟಿತು. ಮೂವರನ್ನೂ ಒಂದೇ ಅಳತೆಗೋಲಿನಿಂದ ಅಳೆಯಲಾಗದು. ಪ್ರತಿಯೊಬ್ಬರಿಗೂ ಸಮಾಜವು ಯಾವ ಬಾಗಿಲನ್ನು ತೆರೆದಿದ್ದಿತು, ಯಾವುದನ್ನು ಮುಚ್ಚಿದ್ದಿತು ಎಂಬುದನ್ನು ಮೊದಲು ನೋಡಬೇಕು.

ಸಾಹಿತ್ಯಚರಿತ್ರಕಾರನಿಗೆ ಇದರಿಂದ ಒಂದು ಕರ್ತವ್ಯವೂ ಒದಗುವುದು. ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕಿದ ಮೂಕಚಿತ್ರಗಳಲ್ಲಿ ಉಳಿದಿರುವುದು ಅತ್ಯಲ್ಪ ಭಾಗ. ಆ ಕಾಲದ ಫಿಲ್ಮು ಬೇಗ ಉರಿಯುವ, ಬೇಗ ಕೊಳೆಯುವ ವಸ್ತುವಿನಿಂದ ಮಾಡಿದುದು. ವಾಕ್ಚಿತ್ರವು ಬಂದ ಮೇಲೆ ಹಳೆಯ ಸುರುಳಿಗಳನ್ನು ಕಾಪಾಡುವ ಆಸಕ್ತಿಯೂ ಉಳಿಯಲಿಲ್ಲ. ಹೀಗಾಗಿ ಕಾದಂಬರೀಕಾರನ ಚಿತ್ರಗಳು ನಾಶವಾದಾಗ ನಷ್ಟವು ಚಿತ್ರಕಲೆಗೆ ಮಾತ್ರವಲ್ಲ, ಕಾದಂಬರಿಯ ವಿಮರ್ಶೆಗೂ ಆಗುವುದು. ಫ್ರಾನ್ಸಿನಲ್ಲಿ ಹಳೆಯ ನಟಿಯೊಬ್ಬಳು ಭಂಡಾರದಲ್ಲಿ ಕುಳಿತು ತನ್ನ ಕಾಲದವರ ನೆನಪುಗಳನ್ನು ಸಂಗ್ರಹಿಸಿದಂತೆ ಕನ್ನಡನಾಡಿನಲ್ಲಿ ಆ ಕೆಲಸವು ಸಕಾಲದಲ್ಲಿ ನಡೆದಿದ್ದರೆ, ‘ಚೋಮನ ದುಡಿ’ಯನ್ನು ಪಾಠಹೇಳುವ ಅಧ್ಯಾಪಕರ ಮುಂದೆ ‘ಡೊಮಿಂಗೊ’ ಚಿತ್ರದ ಕೆಲವು ದೃಶ್ಯಗಳಾದರೂ ಇರಬಹುದಾಗಿದ್ದಿತು.

ನಂಜನಗೂಡನ್ನು ಬಳಸಿಬಂದ ಕಪಿಲೆಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವಳು. ಅಲ್ಲಿ ಸ್ಫಟಿಕಸರೋವರವೆಂಬ ಮೂರನೆಯ ತೀರ್ಥವೂ ಗುಪ್ತವಾಗಿ ಸೇರುವುದೆಂದು ಆಸ್ತಿಕರ ನಂಬಿಕೆ. ಎರಡು ನದಿಗಳು ಕಣ್ಣಿಗೆ ಕಾಣುವುವು, ಮೂರನೆಯದು ಕಾಣದು. ಆದರೂ ಮಿಂದವರು ಮೂರರ ಹೆಸರನ್ನೂ ಹೇಳುವರು. ಕನ್ನಡ ಕಾದಂಬರಿಯ ಚರಿತ್ರೆಯಲ್ಲಿ ಗ್ರಾಂಥಿಕ ಪರಂಪರೆಯೂ ರಂಗಪರಂಪರೆಯೂ ಕಾಣುವ ಪ್ರವಾಹಗಳು. ಮೂಕಚಿತ್ರವು ಕಾಣದೆ ಸೇರಿದ ಪ್ರವಾಹ. ಅದರ ಹೆಸರನ್ನು ಹೇಳದಿದ್ದರೆ ಲೆಕ್ಕವು ಪೂರ್ಣವಾಗದು.